ಬತ್ತಿ ಕಾಯುವ ಕೆಲಸ

ಊರ ಹೆಸರೇ ಬಾಯಾರು.
ಗುಡ್ಡದ ಹೊಟ್ಟೆಯಲ್ಲಿ ನೀರುಂಟು,
ಕರೆದರೆ ಬರುವ ಜಾತಿಯದಲ್ಲ.
ನಾವೇ ಹೋಗಬೇಕು, ನಡೆದಲ್ಲ,
ಮೊಣಕಾಲೂರಿ, ತಲೆ ತಗ್ಗಿಸಿ,
ಕತ್ತಲು ಬಿಟ್ಟುಕೊಟ್ಟಷ್ಟೇ ದೂರ.

ದೂಮ ನಾಯ್ಕರ ಸುರಂಗಕ್ಕೆ ನಾನು ಸೇರಿದ್ದು
ಹತ್ತನೆಯಲ್ಲಿ ಗಣಿತ ಕೈಕೊಟ್ಟ ವರ್ಷ.
ಪಿಕ್ಕಾಸಿಗೆಂದು ಕೈ ಚಾಚಿದೆ.
ಅಂಗೈಗೆ ಬಿದ್ದದ್ದು ಒಂದು ಮೇಣದ ಬತ್ತಿ,
ಅರ್ಧ ಖಾಲಿಯಾದ ಬೆಂಕಿಪೆಟ್ಟಿಗೆ.
"ಇದನ್ನು ನೋಡುತ್ತಾ ಕೂತುಕೋ. ನನ್ನನ್ನಲ್ಲ."

ಎರಡು ವರ್ಷ ನೋಡಿದೆ.
ನಡುನಡುವೆ ಹಾಳೆಯಲ್ಲಿ ಮಣ್ಣೆಳೆದೆ,
ಮೊದಲು ಮುರಕಲ್ಲಿನ ಕೆಂಪು, ಆಮೇಲೆ ಶೇಡಿಯ ಬಿಳಿ.
ಮೊಣಕಾಲ ಚರ್ಮ ಆಮೆಯದಾಯಿತು.
ನಿಲ್ಲು ಎಂದರೆ ನಿಂತೆ, ಎಳೆ ಎಂದರೆ ಎಳೆದೆ.
ಎಡಕ್ಕೆ ಯಾಕೆ ತಿರುಗಿದಿರಿ ಎಂದು ಕೇಳಿದರೆ
"ಹೊರಗೆ ಹೋಗಿ ಕೇಳು, ಇಲ್ಲಿ ಗಾಳಿ ಕಡಿಮೆ."
ಹೊರಗೆ ಕೇಳಿದರೆ
ಬಾಯಿ ತುಂಬ ಎಲೆಯಡಿಕೆ.

ಒಂದು ಮಧ್ಯಾಹ್ನ ಅವರು ಗಂಜಿಗೆ ಹೋದಾಗ
ಸಿಟ್ಟಿಗೆ, ಆಸೆಗೆ, ಎರಡಕ್ಕೂ,
ಪಿಕ್ಕಾಸು ಎತ್ತಿ ಅರ್ಧ ಕೋಲು ಅಗೆದೆ.
ಬಂದವರು ಗೋಡೆಗೆ ಬೆರಳ ಗಂಟು ಬಡಿದು ಕೇಳಿದರು,
ಬೈಯಲಿಲ್ಲ.
ಹೊರಗೆ ಸುರಿದ ಮಣ್ಣನ್ನೆಲ್ಲ ಮತ್ತೆ ಒಳಗೆಳೆಸಿ
ನನ್ನ ಅರ್ಧ ಕೋಲನ್ನು ನನ್ನ ಕೈಯಲ್ಲೇ ಮುಚ್ಚಿಸಿದರು.
ಕತ್ತಲಾಗುವವರೆಗೆ ಬಳಿಯಲ್ಲೇ ಕೂತಿದ್ದರು,
ಬತ್ತಿ ಕಾಯುತ್ತಾ.

ನಲವತ್ತೆರಡನೆಯ ಕೋಲು.
ಗೋಡೆ ಬೆವರುತ್ತಿತ್ತು,
ಪಿಕ್ಕಾಸಿನ ಮೂತಿ ಒದ್ದೆ.
ನಾಯ್ಕರ ಬೆನ್ನು ಮದುವೆಮನೆಯ ಹುಡುಗನ ಹಾಗೆ ಕುಣಿಯುತ್ತಿತ್ತು.
ಬತ್ತಿ ಕುಗ್ಗಿತು. ಮತ್ತೂ ಕುಗ್ಗಿತು.
ನೀಲಿ ಹನಿಯೊಂದು ದಾರದ ತುದಿಗೆ ಜೋತುಬಿದ್ದ ಹಾಗೆ.
ನಾನು ಯಾರು, ಅವರು ಯಾರು ಎಂದುಕೊಳ್ಳುತ್ತಾ
ಎಷ್ಟು ಹೊತ್ತು ಸುಮ್ಮನಿದ್ದೆನೋ!
ಆಮೇಲೆ ಹೇಳಿದೆ: "ಹೊರಗೆ."
ಬನ್ನಿ ಎನ್ನಲೂ ಮರೆತು, ಬರೀ "ಹೊರಗೆ."

ಎತ್ತಿದ ಕೈ ಎತ್ತಿದಲ್ಲೇ ನಿಂತಿತು.
ತಿರುಗಿ ನೋಡಲಿಲ್ಲ, ಯಾಕೆ ಎನ್ನಲಿಲ್ಲ.
ಮೂವತ್ತು ಸುರಂಗ ತೋಡಿದ ಮನುಷ್ಯ
ಪಿಕ್ಕಾಸು ಅಲ್ಲೇ ಮಲಗಿಸಿ
ಅಂಬೆಗಾಲಲ್ಲಿ ನನ್ನ ಹಿಂದೆ ಬಂದರು.

ಗೇರುಮರದ ಕೆಳಗೆ ಕೆಮ್ಮಿ ಕೆಮ್ಮಿ ಸುಧಾರಿಸಿಕೊಂಡು
"ಬತ್ತಿ ಕುಗ್ಗಿ ಎಷ್ಟು ಹೊತ್ತಾಯಿತು?"
"ಆಗಲೇ."
"ಆಗಲೇ ಎಂದರೆ?"
ನಾನು ನೆಲ ನೋಡಿದೆ.
ಅಂದು ಮಾತ್ರ ಹೊಡೆದರು. ಒಂದೇ ಏಟು, ಕಿವಿಯ ಬುಡಕ್ಕೆ.
ಮಾರನೆಯ ದಿನ ಪಿಕ್ಕಾಸು ಕೈಗಿತ್ತು
ತಾವು ಬತ್ತಿ ಹಿಡಿದು ನನ್ನ ಹಿಂದೆ ಕೂತರು.

ಈಗ ಬೋರ್‌ವೆಲ್ ಲಾರಿ ಗುಡ್ಡವೆಲ್ಲ ನಡುಗಿಸುತ್ತದೆ.
ಆದರೂ ವರ್ಷಕ್ಕೆ ಒಂದೋ ಎರಡೋ ಕರೆ ಬರುವುದುಂಟು.
ನನ್ನ ಬತ್ತಿಗೆ ಸವಾದ, ಪೈವಳಿಕೆಯ ಹುಡುಗ, ಹದಿನೇಳು.
"ಮೊಬೈಲ್ ಟಾರ್ಚು ಸಾಲದಾ?" ಎಂದ.
"ಅದು ಉಸಿರಾಡುವುದಿಲ್ಲ ಮಾರಾಯ."

ನಿನ್ನೆ ಮೂವತ್ತೊಂದು ಕೋಲು.
ಕೆನ್ನೆಗೆ ತಣ್ಣಗಿನ ಮಣ್ಣು ಸೋಕಿತು,
ಒಳಗೆಲ್ಲೋ ಯಾರೋ ಬಾಯಿ ಮುಕ್ಕಳಿಸಿದ ಸದ್ದು.
ಹಿಂದಿನಿಂದ ಸಣ್ಣ ದನಿ: "ಹೊರಗೆ."

ಇನ್ನೊಂದೇ ಪೆಟ್ಟು.
ನಾಲಗೆಯ ತುದಿಗೆ ಬಂದದ್ದನ್ನು ನುಂಗಿದೆ.
ಶೇಡಿಮಣ್ಣಿನ ರುಚಿ ಅದಕ್ಕೆ.
ಕೈ ಇಳಿಯಲು ಸ್ವಲ್ಪ ತಡವಾಯಿತು, ಸುಳ್ಳು ಹೇಳುವುದಿಲ್ಲ.

ಹೊರಗೆ ಸವಾದ ನನ್ನ ಮುಖ ನೋಡಲಿಲ್ಲ.
"ಕುಗ್ಗಿ ಎಷ್ಟು ಹೊತ್ತಾಯಿತು?"
"ಈಗ. ಈಗಷ್ಟೇ."
ನನ್ನ ನೀರಿನ ಬಾಟ್ಲಿ ಅವನಿಗೆ ಮೊದಲು ಕೊಟ್ಟೆ.

ಜಾಗದ ಯಜಮಾನರು ಕೊಡೆ ಊರಿಕೊಂಡು ಬಂದರು.
"ನೀರು ಇವತ್ತೇ ಸಿಕ್ಕೀತಾ?"
"ನನಗೆ ಗೊತ್ತಿಲ್ಲ," ಎಂದೆ,
"ಒಳಗೆ ಯಾವಾಗ ಹೋಗುವುದೆಂದು
ಇವನು ಇನ್ನೂ ಹೇಳಿಲ್ಲ."